ತೊಟ್ಟಿಗೆ ಮೂರು ದಿನದ ಸೂತಕ

ಸಮುದ್ರವನ್ನು ಮನೆಯ ಹಾಲ್‌ನಲ್ಲಿ ಇಟ್ಟುಕೊಳ್ಳುವವರ ಬಗ್ಗೆ ನನಗೆ ಯಾವತ್ತೂ ಗೌರವ ಹುಟ್ಟಲಿಲ್ಲ. ಸೋಫಾ, ಅದರ ಎದುರು ಟಿವಿ, ಟಿವಿಯ ಪಕ್ಕ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ತೊಟ್ಟಿಯೊಳಗೆ ಅರಬ್ಬಿ ಸಮುದ್ರ. ನನ್ನ ಅಪ್ಪ ಉಳ್ಳಾಲದಿಂದ ನಲವತ್ತು ವರ್ಷ ದೋಣಿ ಇಳಿಸಿದವರು. ಮೊದಲ ಸಲ ಇಂಥದ್ದೊಂದು ತೊಟ್ಟಿ ನೋಡಿದಾಗ, "ಕಡಲನ್ನು ಕಟ್ಟಿ ಹಾಕಿದ್ರೆ ಮತ್ತೆ ಅದಕ್ಕೆ ದಿನಾ ಹುಲ್ಲು ಹಾಕುವ ಕೆಲಸ ಯಾರದ್ದು ಮಗಾ?" ಎಂದು ಕೇಳಿದ್ದರು. ಆ ಕೆಲಸ ನನ್ನದೇ ಆಯಿತು. ನಾನು ಹೇಮಲತಾ ತಿಂಗಳಾಯ, ಬೈಕಂಪಾಡಿಯ ಹವಳ ಪಾಲನಾ ಕಚೇರಿಯ ತಾಂತ್ರಿಕ ಅಧಿಕಾರಿ. ಮನೆಮನೆಯ ತೊಟ್ಟಿಗಳನ್ನು ನೋಡಿ ಮನೆಮನೆಯವರನ್ನು ಬೈದು ಬರುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷ ಅದನ್ನು ಶ್ರದ್ಧೆಯಿಂದ ಮಾಡಿದ್ದೇನೆ, ಮುಖ್ಯವಾಗಿ ಎರಡನೆಯ ಭಾಗವನ್ನು.

ನೇತ್ರಾಣಿ ದ್ವೀಪದ ಸುತ್ತಲಿನ ಹವಳವೆಲ್ಲ ಕಡಲ ಬಿಸಿಗೆ ಬಿಳಿಚಿ ಸತ್ತು ಇಪ್ಪತ್ತೆರಡು ವರ್ಷವಾಯಿತು. ಸಾಯುವ ಮೊದಲು ನಾವೊಂದು ಹತ್ತು ಮಂದಿ ಮುಳುಗಿ, ಉಳಿ ಸುತ್ತಿಗೆಯಿಂದ ತುಂಡು ತುಂಡು ಕಡಿದು ಮೇಲೆ ತಂದೆವು. ಆ ತುಂಡುಗಳನ್ನೆಲ್ಲ ಬುದ್ಧಿವಂತರು ಒಂದೇ ಪ್ರಯೋಗಾಲಯದ ಒಂದೇ ಕೊಳದಲ್ಲಿಟ್ಟರು. ಒಂದೇ ರೋಗ ಬಂತು, ಅರ್ಧ ಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಇಲಾಖೆಯ ಹಳೆಯ ಅಭ್ಯಾಸ. ಉಳಿದದ್ದನ್ನು ಒಂದೊಂದಕ್ಕೂ ನಂಬರು ಕೊಟ್ಟು ಮಂಗಳೂರಿನಿಂದ ಕುಂದಾಪುರದವರೆಗೆ ನಾಲ್ಕು ಸಾವಿರದ ನೂರ ಹನ್ನೆರಡು ಮನೆಗಳಿಗೆ ಹಂಚಿದರು. ಒಂದು ಮನೆಯ ರೋಗ ಇನ್ನೊಂದು ಮನೆಗೆ ಹೋಗದು. ಯಾವತ್ತೋ ಕಡಲು ತಣ್ಣಗಾದ ದಿನ ಎಲ್ಲವನ್ನೂ ತಿರುಗಿ ನೇತ್ರಾಣಿಗೆ ಅಂಟಿಸುವುದು ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ಮನುಷ್ಯರನ್ನು ಸೇರಿಸಿದ್ದೇ ತಪ್ಪು ಎಂದು ನಾನು ಅಂದುಕೊಂಡಿದ್ದೆ.

ಪ್ರತಿ ತೊಟ್ಟಿಯಲ್ಲೂ ನಮ್ಮದೊಂದು ಕಡ್ಡಿ ಇಳಿಬಿಟ್ಟಿದ್ದೇವೆ. ನೀರಿನ ಬಿಸಿ, ಉಪ್ಪು, ರಂಜಕ, ಅಮೋನಿಯಾ ಇಷ್ಟನ್ನು ಅದು ಗಳಿಗೆಗೊಮ್ಮೆ ಬೈಕಂಪಾಡಿಗೆ ತಿಳಿಸುತ್ತದೆ. ನಿಯಂತ್ರಣ ಕೋಣೆಯ ಗೋಡೆಯ ತುಂಬ ಕರಾವಳಿಯ ನಕ್ಷೆ, ಅದರ ಮೇಲೆ ಮನೆಗೊಂದು ದೀಪ. ಕ್ಷೇಮವಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕ್ಯಾಮರಾ ಇಡಲು ಜನ ಒಪ್ಪಲಿಲ್ಲ. ಬದಲಿಗೆ ತಿಂಗಳಿಗೊಂದು ಫೋಟೋ ಕಳಿಸಬೇಕು. ಕದ್ರಿಯ ಒಂದು ಕಟ್ಟಡದ ಇಪ್ಪತ್ತು ಮನೆಯವರು ಒಂದೂವರೆ ವರ್ಷ ಒಂದೇ ತೊಟ್ಟಿಯ ಒಂದೇ ಫೋಟೋ ಕಳಿಸಿದ್ದರು. ಅದರಲ್ಲಿದ್ದ ಕಿತ್ತಳೆ ಬಣ್ಣದ ಮೀನು ಇಪ್ಪತ್ತು ಮನೆಗಳಲ್ಲೂ ಅದೇ ಮೂಲೆಯಲ್ಲಿ ಬಾಯಿ ತೆರೆದು ನಿಂತಿತ್ತು. ಇಂಥವರ ಕೈಯಲ್ಲಿ ಹವಳ.

ಈ ತೊಟ್ಟಿಗಳ ಮುಖ್ಯ ಶತ್ರು ಕೆಂಪು ಲೋಳೆ. ಮರಳಿನ ಮೇಲೆ, ಕಲ್ಲಿನ ಮೇಲೆ, ಕೊನೆಗೆ ಹವಳದ ಮೇಲೆ ಕುಂಕುಮ ಕಲಸಿದ ಚಾದರದಂತೆ ಹರಡುತ್ತದೆ. ಜನ ಪಾಚಿ ಎನ್ನುತ್ತಾರೆ, ಅದು ಪಾಚಿಯಲ್ಲ. ಸಯನೋಬ್ಯಾಕ್ಟೀರಿಯಾ. ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆಯೇ ಈ ಭೂಮಿಗೆ ಉಸಿರಾಡಲು ಗಾಳಿ ತುಂಬಿಸಿದ ಜೀವಿ. ಅದು ನಿಮ್ಮ ಮನೆಗೆ ಬಂದಿದೆ ಎಂದರೆ ನೀವು ಕರೆದಿದ್ದೀರಿ ಎಂದೇ ಅರ್ಥ: ಆಹಾರ ಹೆಚ್ಚು ಹಾಕಿದ್ದೀರಿ, ರಂಜಕ ಏರಿದೆ, ನೀರಿನ ಓಟ ಸಾಲದು, ಬೆಳಕು ಜಾಸ್ತಿ. ಉಪಾಯವೂ ಹಳೆಯದೇ. ಕೊಳವೆಯಲ್ಲಿ ಲೋಳೆಯನ್ನು ಹೀರಿ ತೆಗೆಯಬೇಕು, ನೀರು ತಿರುಗಿಸುವ ಪಂಪನ್ನು ಜೋರು ಮಾಡಬೇಕು, ಆಹಾರ ತಗ್ಗಿಸಬೇಕು, ಮೂರು ದಿನ ಕತ್ತಲೆಯಲ್ಲಿಡಬೇಕು. ಇದನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವರಿಗೆ ಬೇಕಾದದ್ದು ಒಂದು ಮದ್ದು. ಹಾಕಿದರೆ ಹೋಗಬೇಕು, ಅಷ್ಟೇ.

ಇಡೀ ಕರಾವಳಿಯಲ್ಲಿ ನಾನು ಬೈಯದ ಮನೆ ಒಂದೇ ಒಂದು. ಬಿಜೈಯ ಫಿಲೋಮಿನಾ ಟೀಚರದ್ದು. ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಗೆರೆ ಹಾಕಿದ ಪುಸ್ತಕದಲ್ಲಿ ದಿನವೂ ಬೆಳಗ್ಗೆ ಎಂಟಕ್ಕೆ ನೀರಿನ ಬಿಸಿ, ಉಪ್ಪು, ಹಾಕಿದ ಆಹಾರದ ಚಿಟಿಕೆ ಎಲ್ಲ ಬರೆಯುವವರು. ಅದಕ್ಕೇ ನೂರಾ ಹದಿನೆಂಟನೆಯ ನಂಬರಿನ ಹವಳವನ್ನು ಅವರಿಗೆ ಕೊಟ್ಟಿದ್ದೆ. ನೇತ್ರಾಣಿಯ ತೆಂಕಣ ಇಳಿಜಾರಿನಲ್ಲಿ ನನ್ನ ಕೈಯಾರೆ ಕಡಿದ, ಕೊನೆಯ ಮುಳುಗಿನಲ್ಲಿ ಕಡಿದ ತುಂಡು. ಆ ಜಾತಿಯದ್ದು ಬೇರೆಲ್ಲೂ ಉಳಿದಿರಲಿಲ್ಲ. ಟೀಚರ ಮನೆಯಲ್ಲಿ ಅದು ಹೆಬ್ಬೆರಳಿನಷ್ಟಿದ್ದದ್ದು ಬೊಗಸೆಯಷ್ಟಾಗಿತ್ತು. ಹೋದಾಗಲೆಲ್ಲ ಅವರಿಗೊಂದು ಮಾತು ಹೇಳುತ್ತಿದ್ದೆ: "ಟೀಚರೇ, ನೆರೆಕರೆಯವರ ಮಾತು ಕೇಳ್ಬೇಡಿ. ಕಚೇರಿಯಿಂದ ನಾನು ಬರೆದು ಕಳಿಸಿದ್ದನ್ನು ಮಾತ್ರ ನಂಬಿ." ಅವರು ಹಾಗೆಯೇ ಮಾಡುತ್ತಿದ್ದರು.

ಇದಕ್ಕೆ ಸರಿಯಾದ ವಿರುದ್ಧ ಎಂದರೆ ಕೊಡಿಯಾಲ್‌ಬೈಲಿನ ಬಾಳಿಗರ ಮನೆ, ಹನ್ನೊಂದನೆಯ ಮಾಳಿಗೆ. ಗಂಡ ಬೆಳಗ್ಗೆ ಹೋದರೆ ಸಂಜೆಯವರೆಗೆ ಔಷಧಿ ಅಂಗಡಿಯಲ್ಲಿ. ತೊಟ್ಟಿ ನೋಡಿಕೊಳ್ಳುವವಳು ಹೆಂಡತಿ ಸಂಧ್ಯಾ. ಅತ್ತೆ ಮುಕ್ತಾಬಾಯಿ ಎಂಬತ್ತರ ಹತ್ತಿರದವರು, ನಾನು ಹೋದಾಗ ದೇವರ ಕೋಣೆಯ ಬಾಗಿಲಿನಿಂದ ಇಣುಕಿ ಒಳಗೆ ಹೋಗುವವರು. ಆ ಮನೆಯ ಕಡ್ಡಿ ಕಚೇರಿಯ ಪರದೆಯಲ್ಲಿ ಎಳೆಯುವ ಗೆರೆ ದಿನವೂ ಬೆಳಗ್ಗೆ ಏಳೂವರೆಗೆ ಸಣ್ಣಗೆ ಮೇಲೇಳುತ್ತಿತ್ತು. ರಂಜಕ. ಕೆಂಪು ಲೋಳೆ ಮರಳನ್ನು ಮುಚ್ಚಿ, ಹವಳದ ಬುಡಕ್ಕೆ ಬಂದಿತ್ತು.

"ಬೆಳಗ್ಗೆ ಎಷ್ಟು ತಿನ್ನಿಸ್ತೀರಿ ಮೀನಿಗೆ?" ಎಂದು ಸಂಧ್ಯಾಳನ್ನು ಕೇಳಿದೆ.

"ಬೆಳಗ್ಗೆ ಹಾಕುದೇ ಇಲ್ಲ ಮೇಡಂ. ಸಂಜೆ ಒಂದು ಚಿಟಿಕೆ."

"ಕಡ್ಡಿ ಸುಳ್ಳು ಹೇಳುದಿಲ್ಲ. ನೀವು ಹೇಳ್ತೀರಿ."

ಅವಳು ದೇವರ ಕೋಣೆಯ ಕಡೆ ಒಮ್ಮೆ ನೋಡಿದಳು. "ಹೌದು ಮೇಡಂ, ಹೆಚ್ಚಾಯ್ತೋ ಏನೋ. ಇನ್ನು ಮೇಲೆ ಜಾಗ್ರತೆ ಮಾಡ್ತೇನೆ" ಎಂದಳು. ತಪ್ಪು ಒಪ್ಪಿಸಿದ ತೃಪ್ತಿಯಲ್ಲಿ ನಾನು ಲಿಫ್ಟ್ ಇಳಿದೆ.

ಈ ಮಧ್ಯೆ ನಮ್ಮ ನಿರ್ದೇಶಕ ಡಾ. ರಾಜೀವಲೋಚನ ಒಂದು ಮದ್ದು ಮಾಡಿಸಿದರು. ಹೆಸರು ಶುಭ್ರ. ಮೂರು ದಿನಕ್ಕೆ ಮೂರು ಪೊಟ್ಟಣ. ಅವರು ಘಟ್ಟದ ಮೇಲಿನವರು, ಈಜಲು ಬಾರದವರು. ಕಡಲನ್ನು ಕಾರಿನ ಗಾಜಿನೊಳಗಿಂದ ನೋಡಿ ಕಲಿತವರು ಎಂದು ನಾನು ಸಭೆಯಲ್ಲೇ ಹೇಳಿದ್ದೆ. ಅವರು ನಕ್ಕಿದ್ದರು. ಆ ನಗೆ ಅವರಿಗೆ ಯಾವತ್ತೂ ಇರುತ್ತದೆ. ಮದ್ದನ್ನು ಮೊದಲು ಒಂದು ಮನೆಯಲ್ಲಿ ಪರೀಕ್ಷೆ ಮಾಡಬೇಕು, ಉಸ್ತುವಾರಿ ನೀವೇ ವಹಿಸಬೇಕು ಎಂದರು. ನಾನು ಬಾಳಿಗರ ತೊಟ್ಟಿಯನ್ನು ಆರಿಸಿದೆ. ಅದು ಹೇಗೂ ಹಾಳಾಗುವ ತೊಟ್ಟಿ, ಮದ್ದು ಸೋತರೆ ರಾಜೀವಲೋಚನರ ಮುಖವೂ ಜೊತೆಗೆ ಹಾಳಾಗುತ್ತದೆ ಎಂಬ ಸಂತೋಷ ಬೇರೆ.

ಮೂರು ಪೊಟ್ಟಣಗಳನ್ನು ಸಂಧ್ಯಾಳ ಕೈಗೆ ಕೊಟ್ಟು, ದಿನಾ ಒಂದು ಹಾಕಿ ಎಂದು ಹೇಳಿ ಬಂದೆ. ನಿಯಮದಂತೆ ಮೂರು ದಿನವೂ ನಾನೇ ನಿಂತು ಹಾಕಿಸಬೇಕಿತ್ತು. ಆ ಹೆಂಗಸರ ಮುಖ ಮೂರು ದಿನ ಯಾರು ನೋಡುತ್ತಾರೆ? ಕಚೇರಿಯಲ್ಲಿ ಕುಳಿತು ಗೆರೆ ನೋಡಿದೆ. ಆಶ್ಚರ್ಯ, ಏಳೂವರೆಯ ಏರು ನಿಂತಿತ್ತು. ಆರನೆಯ ದಿನ ಹೋದರೆ ತೊಟ್ಟಿ ತೊಳೆದಿಟ್ಟ ಕನ್ನಡಿ. ಮರಳು ಬೆಳ್ಳಗೆ, ಹವಳ ಹೂವಿನಂತೆ ಬಾಯಿ ಬಿಟ್ಟುಕೊಂಡಿದೆ.

"ಮೂರೂ ಹಾಕಿದಿರಲ್ಲ?"

"ಹಾಕಿದ್ದೇವೆ ಮೇಡಂ" ಎಂದಳು ಸಂಧ್ಯಾ, ಬೇಗ.

ನನಗೆ ಸ್ವಲ್ಪ ಬೇಸರವೇ ಆಯಿತು. ಆದರೆ ವಿಜ್ಞಾನ ವಿಜ್ಞಾನವೇ. "ನನ್ನ ಖುದ್ದು ಉಸ್ತುವಾರಿಯಲ್ಲಿ ಮೂರು ದಿನ ಮದ್ದು ಹಾಕಲಾಗಿದೆ, ಪರಿಣಾಮ ಪೂರ್ಣ" ಎಂದು ಬರೆದು ಸಹಿ ಹಾಕಿದೆ. ಆ ಒಂದು ಹಾಳೆಯ ಆಧಾರದ ಮೇಲೆ ಆದೇಶ ಹೊರಟಿತು: ಲೋಳೆ ಇರಲಿ ಬಿಡಲಿ, ಮುನ್ನೆಚ್ಚರಿಕೆಯಾಗಿ ಎಲ್ಲ ಮನೆಯವರೂ ಮುಂದಿನ ತಿಂಗಳ ಎರಡನೆಯ ಸೋಮವಾರದಿಂದ ಮೂರು ದಿನ ಶುಭ್ರ ಹಾಕಬೇಕು, ಹಾಕಿದ ಮೇಲೆ ಕಡ್ಡಿಯ ತಲೆಯ ಗುಂಡಿ ಒತ್ತಬೇಕು. ಪೊಟ್ಟಣಗಳು ಅಂಚೆಯಲ್ಲಿ ಮನೆಮನೆಗೆ ಹೋದವು, ಆದೇಶದ ಕೆಳಗೆ ನನ್ನ ಹೆಸರಿನೊಡನೆ.

ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಗುರುವಾರ, ಬಾಳಿಗರ ಗೆರೆ ನೋಡಿದೆ. ಏಳೂವರೆಯ ಏರು ತಿರುಗಿ ಬಂದಿತ್ತು, ಬಂದು ವಾರಗಳೇ ಆಗಿದ್ದವು. ಇವರಿಗೆ ಬುದ್ಧಿ ಕಲಿಸಲೇಬೇಕೆಂದು ಹೇಳದೆ ಕೇಳದೆ ಶುಕ್ರವಾರ ಬೆಳಗ್ಗೆ ಏಳೂಕಾಲಿಗೆ ಗಂಟೆ ಒತ್ತಿದೆ. ಬಾಗಿಲು ತೆಗೆದ ಸಂಧ್ಯಾಳ ಮುಖ ಬಿಳಿಚಿತು. ಅವಳನ್ನು ದಾಟಿ ಒಳಗೆ ಹೋದರೆ, ತೊಟ್ಟಿಯ ಮುಂದೆ ಮುಕ್ತಾಬಾಯಿ ಮಡಿ ಸೀರೆಯಲ್ಲಿ ನಿಂತಿದ್ದಾರೆ. ಕೈಯಲ್ಲಿ ಬೆಳ್ಳಿಯ ತಟ್ಟೆ. ತಟ್ಟೆಯಿಂದ ಹಾಲು ಸಣ್ಣ ಧಾರೆಯಾಗಿ ತೊಟ್ಟಿಗೆ ಬೀಳುತ್ತಿದೆ. ಕೆಳಗೆ ಕೆಂಪು ಲೋಳೆ ತನ್ನ ಹಳೆಯ ಜಾಗದಲ್ಲಿ ಹಾಯಾಗಿ ಹರಡಿಕೊಂಡಿದೆ.

"ಇದೆಂತ ಮಾಡ್ತಿದ್ದೀರಿ ಬಾಯಮ್ಮ?"

ಅವರು ಧಾರೆ ಮುಗಿಸಿಯೇ ತಿರುಗಿದರು. "ಸಾಲಿಗ್ರಾಮದ ಅಭಿಷೇಕದ ಹಾಲು. ತುಳಿಯುವ ಜಾಗಕ್ಕೆ ಚೆಲ್ಲಿಕ್ಕೆ ಇಲ್ಲ. ಮೊದಲಿನ ಮನೆಯಲ್ಲಿ ಬಾವಿ ಇತ್ತು, ಬಾವಿಗೆ ಹಾಕ್ತಿದ್ದೆ. ಇಲ್ಲಿ ಬಾವಿ ಎಲ್ಲುಂಟು? ಇದು ಕಡಲ ನೀರು ಅಲ್ಲವಾ? ಎಲ್ಲ ತೀರ್ಥವೂ ಕಡಲಿಗೇ ಹೋಗುದು."

"ಎಷ್ಟು ವರ್ಷದಿಂದ?"

"ನೀವು ಇದನ್ನು ತಂದು ಇಟ್ಟ ದಿನದಿಂದ."

ಹಾಲಿನಲ್ಲಿ ರಂಜಕ. ಇಷ್ಟು ವರ್ಷ ದಿನಾ ಒಂದು ಸೌಟು. ನನಗೆ ನಗು ಬಂತು, ಒಳ್ಳೆಯ ನಗುವಲ್ಲ. "ಕಾಲೇಜು ಕಲಿತ ಸೊಸೆ ಇದನ್ನು ನೋಡಿಕೊಂಡು ಕೂತಿದ್ದಾಳೆ. ಮತ್ತೆ ಮದ್ದು ಹಾಕಿದಾಗ ಮಾತ್ರ ಹಾಲು ಯಾಕೆ ನಿಲ್ಲಿಸಿದಿರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸಂಧ್ಯಾ ಅಡುಗೆಮನೆಗೆ ಹೋಗಿ, ಇಂಗಿನ ಡಬ್ಬಿಯ ಹಿಂದಿನಿಂದ ಏನನ್ನೋ ತಂದು ನನ್ನ ಮುಂದಿಟ್ಟಳು. ಮೂರು ಪೊಟ್ಟಣ. ಒಂದರ ಬಾಯಿಯನ್ನೂ ಬಿಚ್ಚಿರಲಿಲ್ಲ.

"ಹಾಕ್ಲೇ ಇಲ್ಲ ಮೇಡಂ. ನೀವು ಕೊಟ್ಟು ಹೋದ ಸಂಜೆಯೇ ಕಾಸರಗೋಡಿನಿಂದ ಫೋನು ಬಂತು, ಅತ್ತೆಯ ತಮ್ಮ ಹೋದ್ರು ಅಂತ. ತವರಿನ ಕಡೆಯ ಸಾವು, ಮೂರು ದಿನ ಸೂತಕ. ದೇವರ ಕೋಣೆ ಮುಚ್ಚಿದ್ರು. ತೊಟ್ಟಿಯಲ್ಲಿ ತೀರ್ಥ ಉಂಟಲ್ಲ, ಅದನ್ನೂ ಮುಟ್ಲಿಕ್ಕೆ ಇಲ್ಲ ಅಂತ ದಪ್ಪ ಜಮಖಾನ ಹೊದೆಸಿಬಿಟ್ರು. ಮೂರು ದಿನ ಯಾರೂ ಕೈ ಹಾಕ್ಲಿಲ್ಲ. ಪಂಪು ಒಂದು ಅದರಷ್ಟಕ್ಕೆ ತಿರುಗ್ತಿತ್ತು. ನಾಲ್ಕನೇ ದಿನ ಜಮಖಾನ ತೆಗೆದ್ರೆ ಕೆಂಪು ಎಲ್ಲ ಹೋಗಿತ್ತು."

ಕತ್ತಲೆ ಮೂರು ದಿನ. ಹಾಲಿಲ್ಲ, ಆಹಾರವಿಲ್ಲ, ನೀರು ಮಾತ್ರ ಓಡುತ್ತಿದೆ. ನಾನು ಇಪ್ಪತ್ತು ವರ್ಷ ಬೊಬ್ಬೆ ಹೊಡೆದು ಒಂದು ಮನೆಯಲ್ಲೂ ಮಾಡಿಸಲಾಗದ ಚಿಕಿತ್ಸೆಯನ್ನು ಕಾಸರಗೋಡಿನಲ್ಲಿ ಸತ್ತ ಒಬ್ಬ ಮನುಷ್ಯ ಮಾಡಿಸಿದ್ದ. ರಾಜೀವಲೋಚನರ ಮದ್ದು ತೊಟ್ಟಿಯ ಮುಖವನ್ನೇ ನೋಡಿರಲಿಲ್ಲ.

"ಇದನ್ನು ನನಗೆ ಹೇಳ್ಬೇಕು ಅಂತ ನಿಮಗೆ ಅನಿಸ್ಲಿಲ್ಲವಾ?"

ಉತ್ತರ ಕೊಟ್ಟವರು ಮುಕ್ತಾಬಾಯಿ. "ಹೇಳಿದ್ರೆ ನೀವು ಬೈತೀರಿ. ನಿಮಗೆ ಹೆದರಿ ಈ ಬಿಲ್ಡಿಂಗಿನಲ್ಲಿ ಯಾರೂ ಸತ್ಯ ಹೇಳುದಿಲ್ಲ. ನಾನು ಹಾಲು ಹಾಕುದನ್ನು ಸೊಸೆ ತನ್ನ ಮೈಮೇಲೆ ಹಾಕ್ಕೊಂಡಳು. ನೀವು ಅವಳನ್ನು ಬೈದಿರಿ, ಆಹಾರ ಎಷ್ಟು ಅಂತ ಕೇಳಿದಿರಿ. ಬೆಳಗ್ಗೆ ಈ ಮನೆಯಲ್ಲಿ ಎಂತ ಆಗ್ತದೆ ಅಂತ ಒಂದು ದಿನ ಕೇಳಿದಿರಾ?"

ಕೇಳಿರಲಿಲ್ಲ. ಈ ಮನೆಯಲ್ಲಿ ಮಾತ್ರವಲ್ಲ, ಯಾವ ಮನೆಯಲ್ಲೂ. ನನ್ನ ಬಳಿ ಇಪ್ಪತ್ತು ವರ್ಷದ ಉತ್ತರಗಳ ರಾಶಿ ಇತ್ತು, ಎಲ್ಲ ನನ್ನಿಂದ ತಪ್ಪಿಸಿಕೊಳ್ಳಲು ಕೊಟ್ಟದ್ದು. ಆದರೆ ಆ ಗಳಿಗೆಯಲ್ಲಿ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. "ಹಾಲನ್ನು ಇನ್ನು ಮೇಲೆ ಸಿಂಕಿಗೆ ಸುರೀರಿ" ಎಂದೆ. ಮುದುಕಿ ಇನ್ನು ಹಾಲು ಸುರಿಯಲು ಬಾಲ್ಕನಿಯ ಮಲ್ಲಿಗೆ ಕುಂಡವನ್ನು ಸೊಸೆಗೆ ತೋರಿಸಿ ಒಳಗೆ ಹೋದರು. ನನಗೆ ಹೊಳೆಯದ ಆ ಪರಿಹಾರಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕಂಪಾಡಿಗೆ ಬಂದೆ. ನಂಬರಿಲ್ಲದ ಒಂದು ಸಾಮಾನ್ಯ ಹವಳವನ್ನು, ಕಲ್ಲು ಲೋಳೆ ಸಮೇತ, ಪ್ರಯೋಗಾಲಯದ ಸಣ್ಣ ತೊಟ್ಟಿಯಲ್ಲಿಟ್ಟು ಒಂದು ಪೊಟ್ಟಣ ಹಾಕಿದೆ. ಶನಿವಾರ ಮಧ್ಯಾಹ್ನಕ್ಕೆ ಲೋಳೆ ಹೋಯಿತು. ಮದ್ದು ಕೆಲಸ ಮಾಡುತ್ತಿತ್ತು. ಆಮೇಲೆಯೂ ಮಾಡುತ್ತಲೇ ಇತ್ತು. ಕಲ್ಲಿನ ಸಂದುಗಳಲ್ಲಿ ಕೂತು ನೀರಿನ ಹೊಲಸನ್ನು ತಿಂದು ಬದುಕುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತವು. ಸತ್ತದ್ದೆಲ್ಲ ಕೊಳೆಯಿತು, ಅಮೋನಿಯಾ ಏರಿತು. ಭಾನುವಾರ ಬೆಳಗ್ಗೆ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು, ಹವಳದ ಮೈ ಕಳಚಿ ಎಲುಬು ಕಾಣುತ್ತಿತ್ತು. ಒಂದೇ ಪೊಟ್ಟಣಕ್ಕೆ.

ನೇರ ನಿರ್ದೇಶಕರ ಕೋಣೆಗೆ ಹೋದೆ. ಮರುದಿನ ಸಚಿವರು ಬರುವವರಿದ್ದುದರಿಂದ ಅವರು ಭಾನುವಾರವೂ ಕಚೇರಿಯಲ್ಲಿದ್ದರು. ಎಲ್ಲ ಹೇಳಿದೆ, ತೊಟ್ಟಿ ತೋರಿಸಿದೆ. ಅವರು ಮೂಗು ಮುಚ್ಚಿಕೊಂಡು ನೋಡಿದರು. ವಾದ ಮಾಡುತ್ತಾರೆ, ಕೂಗಾಡುತ್ತಾರೆ, ಆಗ ನಾಲ್ಕು ಮಾತು ಸರಿಯಾಗಿ ಕೊಡಬಹುದು ಎಂದು ಸಿದ್ಧವಾಗಿ ಹೋಗಿದ್ದೆ. ಅವರು ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ತಿಂಗಳಾಯ ಅವರೇ, ಬರೆದುಕೊಡಿ. ಪರೀಕ್ಷೆಯ ಸಮಯದಲ್ಲಿ ನಾನು ಸ್ಥಳದಲ್ಲಿರಲಿಲ್ಲ, ನೋಡದೆ ಸಹಿ ಹಾಕಿದೆ, ವರದಿ ಹಿಂತೆಗೆದುಕೊಳ್ಳುತ್ತೇನೆ ಅಂತ. ಒಂದೇ ಸಾಲು. ಈಗಲೇ ಎಲ್ಲ ಮನೆಗೂ ಸಂದೇಶ ಕಳಿಸಿ ನಿಲ್ಲಿಸ್ತೀನಿ. ಸಚಿವರಿಗೂ ನಾನೇ ಹೇಳ್ತೀನಿ."

ಅದೇ ನಗೆ. ಪೆನ್ನಿನ ಟೊಪ್ಪಿಯನ್ನೂ ಅವರೇ ತೆಗೆದುಕೊಟ್ಟರು.

ಅವರು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದೇ ಸಹಿಸಲಾಗಲಿಲ್ಲ. ಈಜು ಬಾರದವನ ಮುಂದೆ, ಇಪ್ಪತ್ತು ವರ್ಷ ಕರಾವಳಿಯ ಪ್ರತಿ ಹಾಲ್‌ನಲ್ಲಿ ನಿಂತು ಇನ್ನೊಬ್ಬರ ಸುಳ್ಳು ಹಿಡಿದ ನಾನು, ನನ್ನ ಸುಳ್ಳನ್ನು ನನ್ನ ಅಕ್ಷರದಲ್ಲಿ ಬರೆಯಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅಡಿಕೆಯಷ್ಟೂ ಅಲ್ಲ, ಒಂದು ಸಾಲಿನಷ್ಟು. "ಯೋಚಿಸ್ತೇನೆ" ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಯೋಚಿಸಿದ್ದು ಇಷ್ಟೇ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜನ ಮದ್ದು ಹಾಕಬಾರದು, ನನ್ನ ಸಹಿಯೂ ಉಳಿಯಬೇಕು. ಮಧ್ಯಾಹ್ನವೇ ಕೊಡಿಯಾಲ್‌ಬೈಲಿಗೆ ಹೋಗಿ ಮುಕ್ತಾಬಾಯಿಯವರ ಎದುರು ಕುಳಿತೆ.

"ಬಾಯಮ್ಮ, ಆ ಮದ್ದು ಹಾಕಿದ್ರೆ ಹವಳ ಸಾಯ್ತದೆ. ಯಾರೂ ಹಾಕಬಾರದು. ಹಾಕಿದೆ ಅಂತ ಗುಂಡಿ ಮಾತ್ರ ಒತ್ಲಿ. ಮೂರು ದಿನ ಬಟ್ಟೆ ಮುಚ್ಚಿ ಆಹಾರ ನಿಲ್ಲಿಸ್ಲಿ. ನಿಮಗೆ ಗೊತ್ತಿದ್ದವರಿಗೆಲ್ಲ ಹೇಳಿ. ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ."

"ನೀವೇ ಹೇಳಿದ್ರೆ ಎಲ್ಲರೂ ಕೇಳ್ತಾರಲ್ಲ?"

"ನನಗೆ ಕಷ್ಟ ಉಂಟು."

"ಆಯ್ತು" ಎಂದರು. ಫೋನು ಎತ್ತಿಕೊಂಡರು. ಅವರು ಏನು ಹೇಳುತ್ತಾರೋ ಎಂದು ಕುತೂಹಲದಿಂದ ಕುಳಿತೆ. ರಂಜಕದ ಮಾತಿಲ್ಲ, ಬ್ಯಾಕ್ಟೀರಿಯಾದ ಮಾತಿಲ್ಲ. "ನೋಡು ಯಮುನಾ, ನೇತ್ರಾಣಿ ಅಷ್ಟು ದೊಡ್ಡದು ಸತ್ತುಹೋಯ್ತು. ಯಾರಾದ್ರೂ ಒಂದು ಸೂತಕ ಆಚರಿಸಿದ್ರಾ? ಅದರ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ನಾಳೆಯಿಂದ ಮೂರು ದಿನ ಆಚರಿಸುವ. ತೊಟ್ಟಿಗೆ ಬಟ್ಟೆ ಮುಚ್ಚು. ಊಟ ಇಲ್ಲ, ಮದ್ದು ಇಲ್ಲ, ಮುಟ್ಲಿಕ್ಕೇ ಇಲ್ಲ. ಪಂಪು ಮಾತ್ರ ತಿರುಗ್ಲಿ. ಕಚೇರಿಯವರಿಗೆ ಗುಂಡಿ ಒತ್ತಿಬಿಡು."

ಇಂಥ ಮೌಢ್ಯವನ್ನು ಬೇರೆ ದಿನವಾಗಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಆ ಮಾತು ಉಡುಪಿ ದಾಟಿತ್ತು. ಉಳ್ಳಾಲದ ನನ್ನ ಚಿಕ್ಕಮ್ಮನೇ ನನಗೆ ಫೋನು ಮಾಡಿ ಸೂತಕದ ಸುದ್ದಿ ಹೇಳಿದರು. ಬಂದರಿನ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ, ಸತ್ತವರಿಗೆ ಮೂರು ದಿನ ದುಃಖ ನಮ್ಮಲ್ಲೂ ಉಂಟು ಎಂದು ಬೆಡ್‌ಶೀಟು ಮುಚ್ಚಿದರಂತೆ. ಇಪ್ಪತ್ತು ವರ್ಷ ನಾನು ಕಳಿಸಿದ ಒಂದು ಸುತ್ತೋಲೆಗೂ ಈ ಗೌರವ ಸಿಕ್ಕಿರಲಿಲ್ಲ. ಟೀಚರಿಗೆ ಒಂದು ಫೋನು ಮಾಡಬೇಕು ಅನಿಸಿತು. ಸುದ್ದಿ ಹೇಗೂ ಮುಟ್ಟುತ್ತದೆ, ನನ್ನ ಬಾಯಿಂದ ಯಾಕೆ ಎಂದು ಬಿಟ್ಟೆ.

ಸೋಮವಾರ ಬೆಳಗ್ಗೆ ನಿಯಂತ್ರಣ ಕೋಣೆಯಲ್ಲಿ ಸಚಿವರು, ಹೂಗುಚ್ಛ, ಕಾಫಿ. ಎಂಟು ಗಂಟೆಗೆ ಸ್ವಲ್ಪ ಮೊದಲು ನನ್ನ ಫೋನು ಬಡಿಯಿತು. ಫಿಲೋಮಿನಾ ಟೀಚರ್.

"ಮೇಡಂ, ಇಲ್ಲಿ ಜನ ಎಂತೆಂತದೋ ಹೇಳ್ತಾರೆ. ಮದ್ದು ಹಾಕ್ಲಿಕ್ಕೆ ಇಲ್ಲ ಅಂತೆ, ಬಟ್ಟೆ ಮುಚ್ಚಬೇಕಂತೆ. ನಾನು ನಂಬ್ಲಿಲ್ಲ. ಆದರೂ ಒಮ್ಮೆ ನಿಮ್ಮ ಹತ್ರ ಕೇಳುವ ಅಂತ. ಇದು ನೀವು ನಿಂತು ಪರೀಕ್ಷೆ ಮಾಡಿದ್ದೇ ಅಲ್ಲವಾ?"

ರಾಜೀವಲೋಚನ ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಸಚಿವರೊಡನೆ ಮಾತಾಡುತ್ತಲೇ ನನ್ನ ಕಡೆ ನೋಡಿದರು. ಆ ನಗೆ. ಚೀಲದಲ್ಲಿ ಮಡಚಿದ ಹಾಳೆ ಇತ್ತು.

"ವರದಿಯಲ್ಲಿ ಇದ್ದ ಹಾಗೆ, ಟೀಚರೇ" ಎಂದೆ.

"ಅಷ್ಟು ಸಾಕು" ಎಂದು ಅವರು ಫೋನು ಇಟ್ಟರು.

ಅಷ್ಟೇ ನಡೆದದ್ದು. ಹೊರಗೆ ಹೋಗಿ ತಿರುಗಿ ಫೋನು ಮಾಡಲು ನನಗೆ ಕಾಲಿತ್ತು, ಬಾಯಿತ್ತು, ಹತ್ತು ನಿಮಿಷವಿತ್ತು. ನಾನು ಸಚಿವರಿಗೆ ನಕ್ಷೆ ವಿವರಿಸಿದೆ.

ಗುಂಡಿಗಳು ಒತ್ತಿಸಿಕೊಂಡವು. ನಾಲ್ಕು ಸಾವಿರದ ನೂರ ಹನ್ನೆರಡೂ. ಚಪ್ಪಾಳೆಯಾಯಿತು. ಮಂಗಳವಾರ ಮಧ್ಯಾಹ್ನದಿಂದ ಗೋಡೆಯಲ್ಲಿ ಒಂದೊಂದೇ ಕೆಂಪು ದೀಪ ಹತ್ತತೊಡಗಿತು. ಗುರುವಾರ ಬೆಳಗ್ಗೆ ಮೂವತ್ತೇಳು. ಉಳಿದ ಮನೆಗಳಲ್ಲಿ ಲೋಳೆ ಹೋಗಿತ್ತು, ಹವಳ ಕ್ಷೇಮ. ಅಲ್ಲೆಲ್ಲ ಬಟ್ಟೆ ಮುಚ್ಚಿ, ಕಚೇರಿಗೆ ಸುಳ್ಳು ಗುಂಡಿ ಒತ್ತಿದ್ದರು. ನೂರಕ್ಕೆ ತೊಂಬತ್ತೊಂಬತ್ತು ಯಶಸ್ಸು ಎಂದು ರಾಜೀವಲೋಚನ ಪತ್ರಿಕೆಗಳಿಗೆ ತಿಳಿಸಿದರು. ಮೂವತ್ತೇಳರ ಮುಂದೆ ಕಾರಣದ ಅಂಕಣದಲ್ಲಿ "ಪಾಲಕರ ನಿರ್ಲಕ್ಷ್ಯ" ಎಂದು ಟೈಪಾಗಿತ್ತು. ಕಚೇರಿಯ ಮಾತನ್ನು ನಂಬಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ಇಡೀ ಕರಾವಳಿಯಲ್ಲಿ ಆ ಮೂವತ್ತೇಳು ಮನೆಯವರು ಮಾತ್ರ. ಅದರಲ್ಲಿ ಬಿಜೈಯ ದೀಪವೂ ಒಂದು.

ಮರುದಿನ ನಾನು ಹೋದಾಗ ಟೀಚರ್ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನೀರು ಬೆಳ್ಳಗೆ ಕದಡಿತ್ತು. ನೂರಾ ಹದಿನೆಂಟರ ಮೈ ದಾರದಾರವಾಗಿ ಕಳಚಿ, ಪಂಪಿನ ಓಟಕ್ಕೆ ತೇಲುತ್ತಿತ್ತು. ಒಳಗಿನ ಬಿಳಿ ಸುಣ್ಣದ ಎಲುಬನ್ನು ನಾನು ಇಪ್ಪತ್ತೆರಡು ವರ್ಷಗಳ ಹಿಂದೆ ನೇತ್ರಾಣಿಯಲ್ಲಿ ಮೈಲಿಗಟ್ಟಲೆ ನೋಡಿದ್ದೆ.

ಟೀಚರ್ ಗೆರೆಯ ಪುಸ್ತಕವನ್ನು ನನ್ನ ಕೈಗಿಟ್ಟರು. ಸೋಮವಾರ ಎಂಟು ಗಂಟೆ, ಒಂದನೆಯ ಪೊಟ್ಟಣ. ಮಂಗಳವಾರ ಎಂಟು ಗಂಟೆ, ಎರಡನೆಯದು. ಅದರ ಕೆಳಗೆ, ಹವಳ ಮುದುಡಿದೆ, ವರದಿಯಂತೆ ಮುಂದುವರಿಸಿದೆ. ಬುಧವಾರ ಎಂಟು ಗಂಟೆ, ಮೂರನೆಯದು.

"ಎಲ್ಲಿ ತಪ್ಪಿದೆ ಅಂತ ನೋಡಿ ಹೇಳಿ ಮೇಡಂ" ಎಂದರು. "ನಾನು ನಾಲ್ಕು ಸಲ ನೋಡಿದೆ, ಸಿಕ್ತಾ ಇಲ್ಲ. ಉಳಿದವರದ್ದೆಲ್ಲ ಸರಿ ಉಂಟಂತೆ. ನಿಮ್ಮ ಕಚೇರಿಯಿಂದ ಕಾಗದ ಬಂತು, ನಿರ್ಲಕ್ಷ್ಯ ಅಂತ."

ನನ್ನ ಬಾಯಿಗೆ ಬೈಗುಳ ಎಷ್ಟು ಸಲೀಸಾಗಿ ಬರುತ್ತದೋ, ಬೇರೆ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. ಚೀಲ ತೆರೆದು, ಉಳಿದ ಎರಡು ಪೊಟ್ಟಣ ತೆಗೆದು ಪುಸ್ತಕದ ಮೇಲಿಟ್ಟೆ.

"ಪರೀಕ್ಷೆಯ ಪೊಟ್ಟಣ ಇವು, ಟೀಚರೇ. ಯಾರೂ ಹಾಕಿರಲಿಲ್ಲ. ನಾನು ಅಲ್ಲಿ ಇರಲೂ ಇಲ್ಲ."

ಅವರಿಗೆ ಲೆಕ್ಕ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಾನು ಫೋನು ಮಾಡಿದಾಗ ನಿಮಗೆ ಗೊತ್ತಿತ್ತು" ಎಂದರು. ಪ್ರಶ್ನೆಯಾಗಿ ಕೇಳಲಿಲ್ಲ. ನಾನು ಹೂಂ ಎಂದೆ.

ಮೂವತ್ತಮೂರು ವರ್ಷ ಮಕ್ಕಳನ್ನು ನೋಡಿದ ಆ ಕಣ್ಣುಗಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದವು. ನಾನು ಬೇರೆಯವರನ್ನು ನೋಡುತ್ತಿದ್ದದ್ದೂ ಹೀಗೆಯೇ ಇರಬೇಕು. ಇದರ ಕೆಳಗೆ ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚೀಲದಲ್ಲಿ ಮಡಚಿದ ಹಾಳೆಯೂ ಅವರ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದರು, ಹೇಳಿದೆ. ಮೇಜಿನ ಮೇಲಿನ ಪುಸ್ತಕ ಸರಿಸಿ ಜಾಗ ಮಾಡಿ ಪೆನ್ನು ಕೊಟ್ಟರು.

"ಕೂತ್ಕೊಳ್ಳಿ. ಇಲ್ಲೇ ಬರೀರಿ."

ಬರೆದೆ. ನೋಡದೆ ಸಹಿ ಹಾಕಿದೆ, ಗೊತ್ತಾದ ಮೇಲೆ ಹೇಳದೆ ಉಳಿದೆ, ಮೂವತ್ತೇಳು ಮನೆಯವರದ್ದು ನಿರ್ಲಕ್ಷ್ಯವಲ್ಲ, ನನ್ನದು. ಅವರು ಓದಿ, ಸಹಿಯ ಕೆಳಗೆ ತಾರೀಕು ಹಾಕಿಸಿದರು.

"ಭಾನುವಾರ ಬರೆದಿದ್ರೆ ಒಂದೇ ಸಾಲು ಸಾಕಿತ್ತು" ಎಂದರು.

ನಾನು ಹೊರಡಲು ಎದ್ದೆ. ಅವರು ಒಳಗೆ ಹೋಗಿ, ಇಸ್ತ್ರಿ ಹಾಕಿ ಮಡಚಿಟ್ಟ ಬಿಳಿಯ ಮೇಜುವಸ್ತ್ರವೊಂದನ್ನು ತಂದರು. ಕ್ರಿಸ್ಮಸ್‌ಗೆ ಹಾಸುವುದು ಇರಬೇಕು, ಅಂಚಿನಲ್ಲಿ ಕಸೂತಿ ಇತ್ತು. ಅದನ್ನು ಹಿಡಿದುಕೊಂಡು ತೊಟ್ಟಿಯ ಮುಂದೆ ಬಂದು ಮಡಿಕೆ ಬಿಚ್ಚಿದರು.

"ಅವರೆಲ್ಲ ಬಟ್ಟೆ ಮುಚ್ಚುದು ಅಂತ ಹೇಳಿದ್ರಲ್ಲ ಮೇಡಂ, ಮೂರು ದಿನ" ಎಂದರು. "ಈಗ ಮುಚ್ಚಬಹುದಾ?"

ತೊಟ್ಟಿ ನಾಲ್ಕಡಿ ಉದ್ದ, ಒಬ್ಬರಿಗೆ ಆಗುವ ಕೆಲಸವಲ್ಲ. ನಾನು ಇನ್ನೊಂದು ತುದಿ ಹಿಡಿದೆ.